ತೆಗೆದುಬಿಡು

“ರೀ, ಬಾಗಿಲು ತೆಗೀರಿ, ಇಸ್ತ್ರಿಯವನು ಬಂದಿರ್ಬೇಕು,” ಎಂದು ನಳಿನಿ ಅಡುಗೆಮನೆಯಿಂದ ಕೂಗಿದಳು. ಸೂರ್ಯನಾರಾಯಣ ಎದ್ದುಹೋಗಿ ಚಿಲಕದ ಮೇಲೆ ಕೈಯಿಟ್ಟವನು ಹಾಗೇ ನಿಂತುಬಿಟ್ಟ. ತೆಗೀರಿ. ಎಷ್ಟು ಸಲೀಸಾಗಿ ಅಂದುಬಿಟ್ಟಳು! ಬಾಗಿಲನ್ನು ಕೀಲಿನಿಂದ ಕಳಚಿ ಮೂಲೆಗೆ ಒರಗಿಸಿ ಎಂದು ಅವಳು ಹೇಳುತ್ತಿಲ್ಲ ಎನ್ನುವುದು ಎಂಥ ದಡ್ಡನಿಗೂ ತಿಳಿಯುತ್ತದೆ. ಆದರೆ ಮೊನ್ನೆ ಅದೇ ಬಾಯಲ್ಲಿ ಬಾಲ್ಕನಿಯ ಹಳೇ ಮಂಚ ತೆಗೀರಿ ಎಂದಾಗ ಇವನು ಗುಜರಿಯವನನ್ನು ಕರೆಸಿದ್ದ, ಅವಳೂ ತೃಪ್ತಿಯಿಂದ ತಲೆಯಾಡಿಸಿದ್ದಳು. ಬಾಗಿಲು ತೆಗೆ, ಕಸ ತೆಗೆ. ಬ್ಯಾಂಕಿನಲ್ಲಿ ಖಾತೆ ತೆಗೆ, ಪಟ್ಟಿಯಿಂದ ಹೆಸರು ತೆಗೆ. ಬೀದಿ ಕೂಡುವ ನಾಕಾದಲ್ಲಿ ಯಾರೋ ಅಂಗಡಿ ತೆಗೆದರು ಎಂದರೆ ಒಳ್ಳೆಯ ಸುದ್ದಿ. ಅಲ್ಲಿದ್ದ ಅಂಗಡಿ ತೆಗೆದುಬಿಟ್ಟರಂತೆ ಎಂದರೆ ಪಾಪ ಅನ್ನಬೇಕು. ನಲವತ್ತೇಳು ವರ್ಷ ಈ ಮಾತನ್ನು ಆಡಿಕೊಂಡು ಬಂದಿದ್ದರೂ ಅದರ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಗುಂಡಿಯಿದೆ ಎಂದು ಅವನಿಗೆ ಗೊತ್ತಾದದ್ದು ನಿನ್ನೆ. ಕರೆಗಂಟೆ ಇನ್ನೊಂದು ಸಲ ಸದ್ದು ಮಾಡಿತು. ನಳಿನಿ ಸಟ್ಟುಗ ಹಿಡಿದುಕೊಂಡೇ ಬಂದು, “ನಿಂತ್ಕೊಂಡೇ ನಿದ್ದೆ ಮಾಡ್ತಿದೀರಾ?” ಎಂದು ಅವನ ಕೈ ಸರಿಸಿ ತಾನೇ ಬಾಗಿಲು ತೆಗೆದಳು. ಇಸ್ತ್ರಿಯವನು ನಕ್ಕ. ನಗುವುದು ಅವನ ಅಭ್ಯಾಸ, ಎಲ್ಲರ ಮನೆ ಬಾಗಿಲಲ್ಲೂ ನಗುತ್ತಾನೆ. ಆದರೂ ಸೂರ್ಯನಾರಾಯಣನಿಗೆ ಇವನಿಗೂ ವಿಷಯ ತಿಳಿದಿದೆಯೇನೋ ಎನ್ನಿಸಿ ಮುಖ ಬಿಸಿಯಾಯಿತು.

ತಿಳಿಯುವಂಥ ವಿಷಯವೂ ಅಲ್ಲ ಅದು. ಇವನು ಅಳಿಸಿದ್ದು ಒಂದು ಪ್ಯಾಕೇಜು. ಪ್ಯಾಕೇಜು ಎಂದರೆ ನಳಿನಿಗೆ ಇವತ್ತಿಗೂ ಕೊರಿಯರಿನ ಡಬ್ಬವೇ ಕಣ್ಣಿಗೆ ಬರುವುದು. ಒಬ್ಬರು ಬರೆದ ಪ್ರೋಗ್ರಾಮು ಇನ್ನೊಬ್ಬರ ಕೆಲಸಕ್ಕೆ ಬರಲಿ ಎಂದು ಅದನ್ನು ಕಟ್ಟಿ, ಹೆಸರಿಟ್ಟು, ಇಂಟರ್ನೆಟ್ಟಿನಲ್ಲಿ ರಿಜಿಸ್ಟ್ರಿ ಎನ್ನುವ ಒಂದು ಉಗ್ರಾಣದಲ್ಲಿ ಇಡುತ್ತಾರೆ, ಬೇಕಾದವರು ಇಳಿಸಿಕೊಳ್ಳುತ್ತಾರೆ. ಇವನದೂ ಗೆಳೆಯ ಜಯಶೀಲನದೂ ಸೇರಿ ಅಲ್ಲೊಂದು ಇತ್ತು. ‘ಒತ್ತಕ್ಷರ’ ಎಂದು ಹೆಸರು. ಯೂನಿಕೋಡ್ ಬರುವುದಕ್ಕೆ ಮುಂಚೆ ಹಳೇ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡವನ್ನು ಇವತ್ತಿನ ಕಂಪ್ಯೂಟರುಗಳು ಓದುವಂತೆ ಬದಲಾಯಿಸಿಕೊಡುವುದಷ್ಟೇ ಅದರ ಕೆಲಸ. ಹತ್ತು ಹದಿನೈದು ಜನರಿಗಿಂತ ಹೆಚ್ಚು ಯಾರೂ ಅದನ್ನು ಬಳಸಿರಲಾರರು, ಯಾಕೆಂದರೆ ಅದು ಮುಚ್ಚಿದ ಪ್ಯಾಕೇಜು. ಇವನು ಅನುಮತಿ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಮುಚ್ಚಿಟ್ಟವನೂ ಇವನೇ.

ಬರೆದದ್ದು ಮಾತ್ರ ರೈಲಿನಲ್ಲಿ. ಥಾಣೆಯಿಂದ ವಾಶಿಗೆ ಹೊಸದಾಗಿ ಟ್ರಾನ್ಸ್ ಹಾರ್ಬರ್ ಲೋಕಲ್ ಶುರುವಾಗಿದ್ದ ಕಾಲ. ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಆಗ ಆ ಗಾಡಿಯಲ್ಲಿ ಬೆಳಗ್ಗೆ ಕೂರಲು ಜಾಗ ಸಿಗುತ್ತಿತ್ತು, ಅದೂ ಕಿಟಕಿ ಪಕ್ಕ. ಜಯಶೀಲ ಡೊಂಬಿವಲಿಯಿಂದ ನುಗ್ಗಾಡಿಕೊಂಡು ಬಂದು ಥಾಣೆಯಲ್ಲಿ ಇಳಿಯುವನು, ಶರ್ಟಿನ ಒಂದು ತೋಳು ಯಾವಾಗಲೂ ಮುದುಡಿರುವುದು. ಸೂರ್ಯನಾರಾಯಣ ಆಗ ಥಾಣೆಯಲ್ಲೇ ಬಾಡಿಗೆಗಿದ್ದ, ಮದುವೆಯಾಗಿ ವರ್ಷವಾಗಿರಲಿಲ್ಲ. ಇಬ್ಬರದೂ ಘಣಸೋಲಿಯ ಹತ್ತಿರ ಒಂದೇ ಆಫೀಸು. ಮೈಸೂರಿನವನಿಗೆ ಈ ಊರಿನಲ್ಲಿ ಕನ್ನಡ ಮಾತನಾಡಲು ಸಿಕ್ಕ ಮೊದಲ ಮನುಷ್ಯ ಜಯಶೀಲ. ಅವನಿಗೋ ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ, ಕನ್ನಡ ಎನ್ನುವುದು ಅಪ್ಪನ ಹೋಟೆಲಿನ ಬೋರ್ಡಿನಲ್ಲಿ ಮತ್ತು ಡೊಂಬಿವಲಿಯ ಕನ್ನಡ ಸಂಘದಲ್ಲಿ ಮಾತ್ರ ಸಿಗುವ ಪದಾರ್ಥ. ಆದರೂ ಆ ಭಾಷೆಯ ಮೇಲೆ ಅವನಿಗಿದ್ದ ಹುಚ್ಚು ಇವನಿಗಿರಲಿಲ್ಲ. ಸಂಘದ ವಾರ್ಷಿಕ ಸಂಚಿಕೆಗಳೆಲ್ಲ ಹಳೇ ಫಾಂಟಿನಲ್ಲಿ ಸೀಡಿಗಳಲ್ಲಿ ಬಿದ್ದಿವೆ, ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಸ ಕಾಣುತ್ತದೆ, ಇದಕ್ಕೇನಾದರೂ ಮಾಡಬೇಕು ಎಂದು ಹಟ ಹಿಡಿದವನು ಅವನೇ. ಐರೋಲಿ ದಾಟಿದರೆ ಎಡಕ್ಕೆ ಗುಡ್ಡ, ಬಲಕ್ಕೆ ದೂರದಲ್ಲಿ ಖಾಡಿ, ಒಳನುಗ್ಗಿದ ಸಮುದ್ರದ ನೀರು, ಮಿನುಗುವುದು. ಇಬ್ಬರ ತೊಡೆಯ ಮೇಲೂ ಅರ್ಧರ್ಧ ಕೂತ ಆಫೀಸಿನ ಲ್ಯಾಪ್‌ಟಾಪು, ಅದರ ಮೇಲೆ ಎರಡು ತಲೆ.

ಎಲ್ಲ ಅಕ್ಷರಗಳೂ ಮಾತು ಕೇಳಿದವು, ಅರ್ಕಾವತ್ತು ಒಂದು ಬಿಟ್ಟು. ಸೂರ್ಯ ಎನ್ನುವಾಗ ಬಾಯಿ ರಕಾರವನ್ನು ಮೊದಲು ಹೇಳುತ್ತದೆ, ಕೈ ಮಾತ್ರ ಯಕಾರ ಬರೆದಾದ ಮೇಲೆ ಆ ಕೊಕ್ಕೆಯನ್ನು ಎಳೆಯುತ್ತದೆ. ಹಳೇ ಫಾಂಟುಗಳು ಕೈಯ ಕ್ರಮವನ್ನು ನಂಬಿದವು, ಹೊಸ ಯೂನಿಕೋಡ್ ಬಾಯಿಯ ಕ್ರಮವನ್ನು. ಹಾಗಾಗಿ ಪ್ರತಿ ಸಲ ಪ್ರೋಗ್ರಾಮು ಓಡಿಸಿದಾಗಲೂ ಪರದೆಯ ಮೇಲೆ ‘ಸೂಯ’ ಬಂದು, ಅದರ ಪಕ್ಕ ಯಾವ ದೇಶದ್ದೋ ಒಂದು ಅಕ್ಷರ ನಿಲ್ಲುವುದು. ಜಯಶೀಲ ಗಹಗಹಿಸಿ ನಕ್ಕು ಅವತ್ತಿನಿಂದ ಗೆಳೆಯನನ್ನು ಸೂಯ ಎಂದೇ ಕರೆಯತೊಡಗಿದ. “ಏ ಸೂಯಾ, ಟಿಕೀಟು ತೆಗೆದ್ಯಾ?” “ಸೂಯಾ, ನಿನ್ನ ಹೆಸರನ್ನೇ ಸರಿ ಮಾಡ್ಲಿಕ್ಕೆ ಆಗ್ಲಿಲ್ಲ, ಇನ್ನು ಸಂಘದ್ದು ಎಂತ ಸರಿ ಮಾಡುವುದು ಮಾರಾಯ?” ಎದುರು ಕೂತ ಗುಜರಾತಿ ಮುದುಕ ಕೂಡ ಕೆಲವು ದಿನ ಇವನನ್ನು ಸೂಯಭಾಯಿ ಎಂದ. ಪರೀಕ್ಷೆಗೆಂದು ಜಯಶೀಲ ಪದಗಳನ್ನು ಪೇರಿಸಿದ: ಕುರ್ಲಾ, ಕರ್ಜತ್, ದುರ್ಗಾಪರಮೇಶ್ವರಿ, ಅರ್ಧ ಪ್ಲೇಟು, ಅಪ್ಪ ಮುಂಡಪ್ಪನವರ ಹೋಟೆಲಿನ ಅಷ್ಟೂ ತಿಂಡಿ. ಕೊನೆಯಲ್ಲಿ ‘ಸಾಮರ್ಥ್ಯ’ ಎಂದು ಸೇರಿಸಿ, ಇದನ್ನು ಸರಿ ಮಾಡಿದವನು ಗಂಡಸು ಎಂದ. ಸರಿ ಮಾಡಿದ್ದು ಸೂರ್ಯನಾರಾಯಣ. ಒತ್ತುಗಳನ್ನೆಲ್ಲ ದಾಟಿಕೊಂಡು ಹಿಂದಕ್ಕೆ ನಡೆದು, ಮೂಲ ಅಕ್ಷರದ ಮುಂದೆ ರಕಾರವನ್ನು ಇಟ್ಟುಬರಬೇಕು, ಅಷ್ಟೇ ಉಪಾಯ. ಅದು ಹೊಳೆದದ್ದು ಇಳಿಯುವ ಹೊತ್ತಿಗೆ. ಪರದೆಯ ಮೇಲೆ ಸೂರ್ಯ ಸರಿಯಾಗಿ ಮೂಡಿತು, ಅದರ ಕೆಳಗೆ ಸಾಮರ್ಥ್ಯ. ಇಬ್ಬರೂ ಇಳಿಯುವುದನ್ನೇ ಮರೆತು ಮುಂದಿನ ಸ್ಟೇಷನ್ನು ಕೋಪರ್‌ಖೈರ್ಣೆಗೆ ಹೋಗಿ, ಅಲ್ಲಿಂದ ಆಟೋದಲ್ಲಿ ವಾಪಸು ಬಂದರು. ಆಟೋದಲ್ಲಿ ಜಯಶೀಲ ಇವನ ಹೆಗಲ ಮೇಲೆ ಹಾಕಿದ ಕೈಯನ್ನು ಆಫೀಸಿನ ಗೇಟಿನವರೆಗೂ ತೆಗೆಯಲಿಲ್ಲ. ಆಮೇಲೆ ಸೂರ್ಯನಾರಾಯಣ ಬಡ್ತಿ ಪಡೆದ, ಐರೋಲಿಯಲ್ಲಿ ಫ್ಲ್ಯಾಟು ಕೊಂಡ, ಮಗ ಅಭಿ ಹುಟ್ಟಿದ. ಆದರೆ ಸುಖವಾದ ಒಂದು ಬೆಳಗನ್ನು ನೆನಪಿಸಿಕೋ ಎಂದರೆ ಅವನಿಗೆ ಇವತ್ತೂ ಆ ಆಟೋ ಸವಾರಿಯೇ ಕಣ್ಣಮುಂದೆ ಬರುತ್ತದೆ.

“ತಿಂಡಿ ತಣ್ಣಗಾಗ್ತಿದೆ,” ಎಂದಳು ನಳಿನಿ. “ನಿನ್ನೆಯಿಂದ ನೋಡ್ತಿದೀನಿ, ಏನು ಕಳ್ಕೊಂಡಿದೀರಿ?” ಅವನು ಉಪ್ಪಿಟ್ಟನ್ನು ಚಮಚದಿಂದ ಆಚೆ ಈಚೆ ಸರಿಸಿದ. ಏನು ಕಳೆದುಕೊಂಡಿದ್ದೇನೆ ಎಂದು ಹೇಳಲು ಹೋದರೆ ಯಾಕೆ ಮುಚ್ಚಿಟ್ಟಿದ್ದೆ ಎನ್ನುವುದರಿಂದ ಶುರು ಮಾಡಬೇಕು. ರಿಜಿಸ್ಟ್ರಿಯಲ್ಲಿ ಇಡುವ ಕಾಲ ಬಂದಾಗ ಜಯಶೀಲ ಎಲ್ಲರಿಗೂ ಸಿಗಲಿ ಎಂದ. ಸೂರ್ಯನಾರಾಯಣ ಆಗಷ್ಟೇ ಮ್ಯಾನೇಜರಾಗಿದ್ದ. ನೌಕರರು ಹೊರಗೆ ಏನೇ ಪ್ರಕಟಿಸಿದರೂ ಮೊದಲು ಒಪ್ಪಿಗೆ ಪಡೆಯಬೇಕೆಂಬ ಕಂಪನಿಯ ನಿಯಮ ನೆನಪಿಗೆ ಬಂತು. ಸದ್ಯಕ್ಕೆ ಮುಚ್ಚಿರಲಿ ಎಂದ. ಆ ಸದ್ಯ ಹಾಗೇ ಬೆಳೆಯಿತು. ಒಪ್ಪಿಗೆ ಕೇಳಿದ್ದರೆ ಕೊಡುತ್ತಿದ್ದರೋ ಏನೋ, ಕೇಳಲಿಲ್ಲ. ಮುಂಡಪ್ಪನವರು ಹಾಸಿಗೆ ಹಿಡಿದು ಜಯಶೀಲ ಕೆಲಸ ಬಿಟ್ಟು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೇಲೆಯೂ ಎರಡು ಸಲ ಕೇಳಿದ, ಇವನು ನೋಡೋಣ ಎಂದ. ಮೂರನೇ ಸಲ ಕೇಳಲಿಲ್ಲ. ಮುಂಡಪ್ಪನವರು ತೀರಿಕೊಂಡಾಗ ಇವನು ಹದಿಮೂರನೇ ದಿನ ಕಳೆದ ಮೇಲೆ ಹೋಗಿ, ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ಮಾತನಾಡಿಸಿ ಬಂದ. ಯಾವ ಜಗಳವೂ ಆಗಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿ ಇತ್ತು ಎಂದು ಈಗ ಅನ್ನಿಸುತ್ತದೆ.

ಹೋದ ತಿಂಗಳು ಫೋನು ಬಂತು. ಎರಡು ವರ್ಷದ ಮೇಲೆ ಜಯಶೀಲನ ಹೆಸರು ಮೊಬೈಲಿನಲ್ಲಿ ಮಿನುಗಿದಾಗ ಸೂರ್ಯನಾರಾಯಣ ಮೀಟಿಂಗಿನಿಂದ ಎದ್ದು ಹೊರಗೆ ಬಂದ. ಜಯಶೀಲ ದಿವಾ ಸ್ಟೇಷನ್ನಿನಲ್ಲಿದ್ದ, ಹಿಂದೆ ಅನೌನ್ಸ್‌ಮೆಂಟು ಅರಚುತ್ತಿತ್ತು. “ಸೂರ್ಯನಾರಾಯಣಾ, ಜಯಶೀಲ ಮಾತಾಡುವುದು,” ಎಂದ. ಸೂಯ ಅನ್ನಲಿಲ್ಲ. ಪೂರ್ತಿ ಹೆಸರು, ಅರ್ಕಾವತ್ತು ಎಲ್ಲಿರಬೇಕೋ ಅಲ್ಲಿ. ಆ ಒಂದು ಕೊಕ್ಕೆ ಇವನ ಎದೆಗೆ ಸಿಕ್ಕಿಕೊಂಡಿತು, ಆಮೇಲೆ ಕೇಳಿದ್ದೆಲ್ಲ ಅದರ ಮೂಲಕವೇ ಕೇಳಿಸಿತು. “ಆ ಒತ್ತಕ್ಷರ ಉಂಟಲ್ಲ, ಇನ್ನೆಷ್ಟು ವರ್ಷ ಅದನ್ನು ಹಾಗೇ ಇಟ್ಕೊಂಡು ಕೂರುವುದು? ಸಾಕು. ತೆಗೆದುಬಿಡು.” ಗಾಡಿ ಬಂದಿರಬೇಕು, ಇನ್ನೇನೋ ಅಂದ, ಗದ್ದಲದಲ್ಲಿ ಮುಳುಗಿ ಫೋನು ಕಟ್ಟಾಯಿತು. ಸೂರ್ಯನಾರಾಯಣ ವಾಪಸು ಫೋನು ಮಾಡಲಿಲ್ಲ. ಊಟದ ವಿರಾಮದಲ್ಲಿ ತನ್ನ ಸೀಟಿನಲ್ಲಿ ಕೂತು ರಿಜಿಸ್ಟ್ರಿಯ ಪುಟಕ್ಕೆ ಹೋಗಿ ಅಳಿಸುವ ಗುಂಡಿ ಒತ್ತಿದ. ಪುಟ ಕೇಳಿತು: ನಿಜವಾಗಿಯೂ ಅಳಿಸಬೇಕೆ? ಹಾಗಿದ್ದರೆ ಪ್ಯಾಕೇಜಿನ ಹೆಸರನ್ನು ಕೆಳಗೆ ಟೈಪು ಮಾಡಿ. ಅವನು ಟೈಪು ಮಾಡಿದ. ಇಂಗ್ಲಿಷಿನಲ್ಲಿ ಉದ್ದದ ಹೆಸರು ಅದು, ಮಧ್ಯದಲ್ಲಿ ಒಂದು ಅಕ್ಷರ ತಪ್ಪಿ, ಅಳಿಸಿ, ಮತ್ತೆ ಟೈಪು ಮಾಡಬೇಕಾಯಿತು. ನೀನೇ ಹೇಳಿದ್ದಲ್ಲ, ತಗೋ, ಎಂದು ಬಾಯಲ್ಲಿ ಅಂದುಕೊಂಡದ್ದೂ ನೆನಪಿದೆ. ಆಮೇಲೆ ಡಬ್ಬಿ ಬಿಚ್ಚಿ ಊಟ ಮಾಡಿದ. ರುಚಿಯಾಗಿಯೇ ಇತ್ತು.

ನಿನ್ನೆ ಶನಿವಾರ ಜಯಶೀಲನ ಮಗಳು ನಿಕಿತಾ ಫೋನು ಮಾಡಿದಳು. ಎತ್ತಿ ಆಡಿಸಿದ ಹುಡುಗಿ ಈಗ ಎಂಜಿನಿಯರಿಂಗ್ ಓದುತ್ತಾಳೆ. “ಅಂಕಲ್, ಪಪ್ಪಾ ನೇ ಬೋಲಾ ಥಾ ಆಪ್ ಓಪನ್ ಕರ್ ದೋಗೇ. ಆದ್ರೆ ಒತ್ತಕ್ಷರ ಕಾ ಪೇಜ್ ಹೀ ನಹೀ ಮಿಲ್ ರಹಾ. ನಾನು ಸ್ಪೆಲಿಂಗ್ ತಪ್ಪು ಹಾಕ್ದೆ ಕ್ಯಾ?” ಅಂಕಲ್ ಅದನ್ನು ಓಪನ್ ಮಾಡುತ್ತಾರೆ ಎಂದು ಅಪ್ಪ ಹೇಳಿದ್ದರಂತೆ, ನೋಡಿದರೆ ಪುಟವೇ ಸಿಗುತ್ತಿಲ್ಲವಂತೆ. ಸಂಘದ ಹಳೇ ಸಂಚಿಕೆಗಳನ್ನೆಲ್ಲ ಅವಳು ವೆಬ್‌ಸೈಟಿಗೆ ಹಾಕುತ್ತಿದ್ದಾಳಂತೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಸಂಚಿಕೆಗಳಲ್ಲಿ ಅಜ್ಜ ಬರೆದದ್ದೂ ಇದೆಯಂತೆ. “ಅದಿಲ್ದೆ ಸಬ್ ಕಚರಾ, ಬರೀ ಕಸ ದಿಖ್ತಾ ಹೈ, ಅಂಕಲ್.” ಓಪನ್ ಎನ್ನುವ ಮಾತು ಕಿವಿಗೆ ಬಿದ್ದಾಗ ಸೂರ್ಯನಾರಾಯಣನಿಗೆ ಜಯಶೀಲ ತೆಗೆದುಬಿಡು ಎಂದದ್ದರ ಅರ್ಥ ಹೊಳೆಯಿತು. ನೋಡ್ತೀನಮ್ಮಾ ಎಂದು ಫೋನಿಟ್ಟ. ಬೇರೆಲ್ಲೂ ಪ್ರತಿ ಇರಲಿಲ್ಲ. ಆ ಲ್ಯಾಪ್‌ಟಾಪನ್ನು ಕಂಪನಿ ಯಾವತ್ತೋ ವಾಪಸು ತೆಗೆದುಕೊಂಡಿತ್ತು. ರಿಜಿಸ್ಟ್ರಿಯಲ್ಲಿ ಇದೆಯಲ್ಲ ಎಂಬ ಧೈರ್ಯದಲ್ಲಿ ಇಬ್ಬರೂ ಕೂತಿದ್ದರು. ನಿಯಮಗಳ ಪುಟ ತೆರೆದು ಓದಿದ. ಅಳಿಸಿದ್ದನ್ನು ಒಂದು ತಿಂಗಳೊಳಗೆ ಮರಳಿಸಬಹುದು, ಆ ಮೇಲೆ ಇಲ್ಲ. ಅಳಿಸಲು ಒಬ್ಬ ಮಾಲೀಕ ಸಾಕು. ಆದರೆ ಮರಳಿಸಬೇಕೆಂದರೆ ಇನ್ನೊಬ್ಬ ಮಾಲೀಕ ಒಪ್ಪಬೇಕು, ಪ್ಯಾಕೇಜು ಒಪ್ಪಿದವನ ಒಬ್ಬನ ಹೆಸರಿಗೇ ಮರಳುತ್ತದೆ; ಬೇಕೆನಿಸಿದರೆ ಅವನು ಬೇರೆಯವರನ್ನು ಸೇರಿಸಿಕೊಳ್ಳಬಹುದು. ತಿಂಗಳು ಈ ವಾರವೇ ಮುಗಿಯುತ್ತದೆ. ಯಾರಿಗೂ ಗೊತ್ತಾಗದಂತೆ ಮಾಡಿದ್ದನ್ನು ಯಾರಿಗೂ ಗೊತ್ತಾಗದಂತೆ ಸರಿಪಡಿಸುವ ದಾರಿಯನ್ನು ಆ ಪುಟದಲ್ಲಿ ಅವನು ಮೂರು ಸಲ ಹುಡುಕಿದ, ಸಿಗಲಿಲ್ಲ. ಫೋನಿನಲ್ಲಿ ಹೇಳಿಬಿಡೋಣವೆಂದರೆ, ಫೋನಿನಲ್ಲಿ ಹೇಳಿಯೇ ಅಲ್ಲವೇ ಇಷ್ಟೆಲ್ಲ ಆದದ್ದು.

“ಡೊಂಬಿವಲಿಗೆ ಹೋಗ್ಬರ್ತೀನಿ,” ಎಂದ ನಳಿನಿಗೆ.

“ಇವತ್ತಾ? ಭಾನುವಾರ, ಹಳಿ ರಿಪೇರಿಗೆ ಮೆಗಾಬ್ಲಾಕ್ ಇರುತ್ತೆ, ಗಾಡಿ ಕಮ್ಮಿ.”

“ಜಯಶೀಲನ್ನ ನೋಡ್ಬೇಕು.”

ನಳಿನಿ ಅವನ ಮುಖವನ್ನೇ ನೋಡಿದಳು. “ಹೋಗಿ,” ಎಂದಳು ಆಮೇಲೆ, “ಬೂಟು ಹಾಕ್ಕೊಂಡು ಹೋಗ್ಬೇಡಿ.”

ಐರೋಲಿಯಿಂದ ಥಾಣೆಗೆ ಗಾಡಿ ಖಾಲಿಯೇ ಇತ್ತು. ಕಿಟಕಿ ಪಕ್ಕ ಕೂತ. ಎದುರು ಸೀಟಿನಲ್ಲಿ ಇಬ್ಬರು ಹುಡುಗರು ಒಂದೇ ಮೊಬೈಲಿನೊಳಗೆ ತಲೆ ತೂರಿಸಿ ಏನೋ ನೋಡಿ ನಗುತ್ತಿದ್ದರು. ಹೊಟ್ಟೆಕಿಚ್ಚಾಯಿತು. ಇಲ್ಲಿಯೇ, ಈ ಬದಿಯಲ್ಲೇ ಅವರಿಬ್ಬರೂ ಕೂರುತ್ತಿದ್ದದ್ದು. ಖಾಡಿಯ ಮೇಲಿನ ಗಾಳಿಗೆ ಜಯಶೀಲನ ಕೂದಲು ಹಾರುತ್ತಿತ್ತು, ಆಗ ಅವನಿಗೆ ಕೂದಲಿತ್ತು. ಟಿಫಿನ್ ಡಬ್ಬಿಯಲ್ಲಿ ಅವನ ಅಮ್ಮ ಸುಂದರಿಯವರು ಇಬ್ಬರಿಗೂ ಆಗುವಷ್ಟು ಬನ್ಸು ಹಾಕಿ ಕಳಿಸುವರು, ಬಾಳೆಹಣ್ಣಿನ ಸಿಹಿ ವಾಸನೆ ಡಬ್ಬಿ ಮುಚ್ಚಿದ್ದರೂ ಹೊರಗೆ ಬರುವುದು. ಆಗ ಮುಂದೇನು ಎಂದು ಇಬ್ಬರಲ್ಲಿ ಯಾರೂ ಕೇಳುತ್ತಿರಲಿಲ್ಲ. ಬೆಳಗ್ಗೆ ಒಂದು ಅಕ್ಷರ ಸರಿಹೋದರೆ ದಿನ ಸಾರ್ಥಕ. ಈಗ ಸೂರ್ಯನಾರಾಯಣನ ಕೈಕೆಳಗೆ ಮೂವತ್ತು ಜನರಿದ್ದಾರೆ, ಅವರಲ್ಲಿ ಒಬ್ಬನ ಅಪ್ಪನ ಹೆಸರೂ ಅವನಿಗೆ ಗೊತ್ತಿಲ್ಲ. ಮುಂಡಪ್ಪನವರ ಹೋಟೆಲಿನಲ್ಲಿ ಗೋಳಿಬಜೆ ಯಾವ ಎಣ್ಣೆಯಲ್ಲಿ ಕರಿಯುತ್ತಾರೆ ಎನ್ನುವುದು ಮಾತ್ರ ಇನ್ನೂ ಗೊತ್ತಿದೆ.

ಥಾಣೆಯಲ್ಲಿ ಕಾಯಬೇಕಾಯಿತು. ಪ್ಲಾಟ್‌ಫಾರಂ ತುಂಬ ಭಾನುವಾರದ ಜನ, ಜರಿಸೀರೆ, ಮಕ್ಕಳು, ಮದುವೆಗೆ ಹೋಗುವವರ ಉಡುಗೊರೆ ಡಬ್ಬಗಳು. ಹೇಳುವ ಮಾತನ್ನು ಅವನು ಒಳಗೇ ತಿದ್ದುತ್ತಿದ್ದ. ನೀನು ತೆಗೆದುಬಿಡು ಅಂದೆ ನೋಡು, ನಾನು ಅಳಿಸು ಅಂತ ತಿಳಿದುಕೊಂಡುಬಿಟ್ಟೆ ಮಾರಾಯ, ಎಂದು ನಗಬೇಕು. ನಗು ಮುಖ್ಯ. ಇದೊಂದು ತಮಾಷೆ ಎನ್ನುವ ಹಾಗೆ, ಕನ್ನಡದ್ದೇ ತಪ್ಪು ಎನ್ನುವ ಹಾಗೆ. ಎಷ್ಟು ಚೆನ್ನಾಗಿ ಹೊಂದುತ್ತದೆ! ಯಾರೂ ದೋಷಿಯಲ್ಲ. ಗಾಡಿ ಬಂತು, ಜನ ಅವನನ್ನು ಎತ್ತಿ ಒಳಗೆ ಹಾಕಿದರು. ದಿವಾದಲ್ಲಿ ಬಾಗಿಲ ಹತ್ತಿರ ತಳ್ಳಾಟ ನಡೆದಾಗ ಯಾರದೋ ಮೊಣಕೈ ಪಕ್ಕೆಗೆ ಬಡಿದು, ಇದೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಅವನು ಫೋನು ಮಾಡಿದ್ದು ಎಂದು ಹೊಳೆಯಿತು. ಈ ಗದ್ದಲದ ನಡುವೆ ನಿಂತು, ಎರಡು ವರ್ಷದ ಬಿಗುಮಾನ ನುಂಗಿ, ಇವನ ನಂಬರು ಹುಡುಕಿ ಒತ್ತಿದ್ದಾನೆ. ಅಳಿಸು ಎಂದು ಹೇಳಲು ಯಾರಾದರೂ ಅಷ್ಟು ಕಷ್ಟಪಡುತ್ತಾರೆಯೇ? ಅಷ್ಟನ್ನು ಆವತ್ತೇ ಯೋಚಿಸಬಹುದಿತ್ತು. ಯೋಚಿಸಿದ್ದ ಎಂದು ಒಳಗಿನಿಂದ ಯಾರೋ ಹೇಳಿದರು. ಟೈಪು ಮಾಡುತ್ತ ಒಂದು ಅಕ್ಷರ ತಪ್ಪಿತಲ್ಲ, ಆಗ ಬೆರಳು ನಿಂತಿತ್ತಲ್ಲ. ಅವನು ಅದನ್ನು ಕೇಳಿಸಿಕೊಳ್ಳದವನಂತೆ ಬಾಗಿಲ ಕಡೆ ನೋಡಿದ.

ಹೋಟೆಲು ಸ್ಟೇಷನ್ನಿನಿಂದ ಹೆಚ್ಚು ದೂರವಿಲ್ಲ. ಬೋರ್ಡಿನಲ್ಲಿ ಮರಾಠಿ ದೊಡ್ಡದಾಗಿ, ಕನ್ನಡ ಅದರ ಕೆಳಗೆ ಚಿಕ್ಕದಾಗಿ. ಒಳಗೆ ಎಲ್ಲ ಟೇಬಲ್ಲೂ ತುಂಬಿತ್ತು. ಗಲ್ಲಾದ ಹಿಂದೆ ಕೂತ ಜಯಶೀಲ ಕನ್ನಡಕದ ಮೇಲಿಂದ ನೋಡಿದ, ಆಶ್ಚರ್ಯವನ್ನೇನೂ ತೋರಿಸಲಿಲ್ಲ. “ಬಾ,” ಎಂದ. “ಮೂಲೆಯ ಟೇಬಲ್ಲಿಗೆ ಕೂತ್ಕೋ, ಖಾಲಿ ಆಗ್ತದೆ ಈಗ. ಗರ್ದಿ ಕಮ್ಮಿ ಆಗ್ಲಿ.” ಗಲ್ಲಾದಲ್ಲಿ ಬೇರೆಯವನನ್ನು ಕೂರಿಸಿ ಅವನು ಬರುವ ಹೊತ್ತಿಗೆ ಇಬ್ಬರ ಮುಂದೆಯೂ ಕಾಫಿ ಬಂದಿತ್ತು. ತೂಕ ಹೆಚ್ಚಾಗಿದೆ, ಕೈ ಮಾತ್ರ ಅದೇ ಕೈ. ನಳಿನಿ, ಅಭಿ, ಮೆಗಾಬ್ಲಾಕು ಎಲ್ಲದರ ಮಾತೂ ಮುಗಿಯಿತು.

“ನಿಕಿತಾ ಫೋನ್ ಮಾಡಿದ್ಳು,” ಎಂದ ಸೂರ್ಯನಾರಾಯಣ.

“ನಾನೇ ಮಾಡ್ಲಿಕ್ಕೆ ಹೇಳಿದ್ದು.”

“ಪೇಜ್ ಸಿಗ್ತಿಲ್ಲ ಅಂದ್ಳು. ಅದು… ನೀನು ಆವತ್ತು ಫೋನಲ್ಲಿ ತೆಗೆದುಬಿಡು ಅಂದೆ ನೋಡು…” ನಗಬೇಕಾದ ಜಾಗ ಬಂದಿತ್ತು. ನಗು ಬರಲಿಲ್ಲ.

“ನೀನು ಅಳಿಸಿದ್ದಿ,” ಎಂದ ಜಯಶೀಲ. “ಗೊತ್ತುಂಟು. ಆವತ್ತೇ ಈಮೈಲು ಬಂತಲ್ಲ. ಇಬ್ಬರು ಮಾಲೀಕರಿದ್ರೆ ಇಬ್ಬರಿಗೂ ಬರ್ತದೆ, ನೀನು ಮರ್ತಿದ್ದಿ. ಒಂದು ಗಂಟೆ ಆಗಿರ್ಲಿಲ್ಲ ನಾನು ಫೋನ್ ಇಟ್ಟು.”

ಜಯಶೀಲನಿಗೆ ಇಷ್ಟು ದಿನವೂ ಗೊತ್ತಿತ್ತು. ಇವನು ಊಟ ಮಾಡುತ್ತ ಕೂತಿದ್ದ ಹೊತ್ತಿನಲ್ಲಿ ಇಲ್ಲಿ ಗಲ್ಲಾದ ಹಿಂದೆ ಕೂತು ಆ ಮೈಲನ್ನು ಓದಿದ್ದಾನೆ. “ಮತ್ತೆ ಯಾಕೋ ಹೇಳ್ಲಿಲ್ಲ ನೀನು?” ಎಂದ ಸೂರ್ಯನಾರಾಯಣ.

“ಎಂತ ಹೇಳುವುದು? ನಾನು ತೆಗಿ ಅಂದೆ, ನೀನು ತೆಗೆದಿ. ಎಲ್ಲರಿಗೂ ತೆಗಿ ಅಂತ ಸರಿಯಾಗಿ ಹೇಳ್ಬೇಕಿತ್ತು. ಗಾಡಿ ಬಂತು, ನುಗ್ಬೇಕಿತ್ತು. ನನ್ನದೇ ತಪ್ಪು ಅಂದ್ಕೊಂಡೆ ಎರಡು ದಿನ. ಇವತ್ತು ಫೋನ್ ಮಾಡ್ತಿ, ನಾಳೆ ಮಾಡ್ತಿ ಅಂತ ನೋಡಿದೆ. ಆಮೇಲೆ ಹುಡುಗಿಗೆ ಹೇಳಿದೆ, ಅಂಕಲ್ ಹತ್ರ ಕೇಳು ಅಂತ.” ಅವನು ಕಾಫಿಯ ಲೋಟವನ್ನು ತಿರುಗಿಸಿದ. “ಒಂದು ಕೇಳ್ಳಾ? ಅಳಿಸ್ಬೇಕಾದ್ರೆ ಹೆಸರು ಟೈಪ್ ಮಾಡ್ಲಿಕ್ಕುಂಟಲ್ಲ?”

“ಉಂಟು,” ಎಂದ ಸೂರ್ಯನಾರಾಯಣ, ತನ್ನ ಬಾಯಲ್ಲಿ ಎಂದೂ ಬಾರದ ಆ ಮಾತಿನಲ್ಲಿ.

“ಅಷ್ಟುದ್ದ ಹೆಸರು ಟೈಪ್ ಮಾಡುವಾಗ ನಿಂಗೆ ಎಂತದೂ ಅನ್ನಿಸ್ಲಿಲ್ವಾ?”

ಥಾಣೆಯ ಪ್ಲಾಟ್‌ಫಾರಮ್ಮಿನಲ್ಲಿ ತಿದ್ದಿಕೊಂಡ ಮಾತು ನಾಲಗೆಯ ತುದಿಯಲ್ಲೇ ಇತ್ತು. ಕನ್ನಡದ್ದೇ ತಪ್ಪು, ಎರಡು ಅರ್ಥ, ಗದ್ದಲ. ಅದನ್ನು ಹೇಳಿದರೆ ಜಯಶೀಲ ನಂಬುತ್ತಿದ್ದ. ನಂಬಲು ಅವನು ಕಾಯುತ್ತಿದ್ದಾನೆ ಎನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು.

“ಅನ್ನಿಸ್ತು ಕಣೋ,” ಎಂದ ಸೂರ್ಯನಾರಾಯಣ.

ಜಯಶೀಲ ತಲೆಯಾಡಿಸಿದ. ಯಾರೋ ಬಿಲ್ಲಿನ ವಿಷಯಕ್ಕೆ ಕೂಗಿದರು, ಎದ್ದುಹೋಗಿ ಮರಾಠಿಯಲ್ಲಿ ಸಮಾಧಾನ ಮಾಡಿ ಬಂದ. ಮತ್ತೆ ಕೂತಾಗ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ. “ಸಿಟ್ಟಿತ್ತು ನಿಂಗೆ,” ಎಂದ. ಅದು ಪ್ರಶ್ನೆಯೇ ಅಲ್ಲ. “ನಂಗೂ ಇತ್ತು. ಅಪ್ಪ ಹೋದಾಗ ನೀನು ಬಾಗಿಲಲ್ಲೇ ನಿಂತು ಹೋದಿ. ಅಮ್ಮ ಒಳಗೆ ಕಾಫಿ ಮಾಡಿದ್ದು ಹಾಗೇ ಉಳೀತು.” ಸೂರ್ಯನಾರಾಯಣ ತಪ್ಪಾಯಿತು ಎಂದ. ಹೇಳಿದ ಮೇಲೆ, ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷ ಬೇಕಾಯಿತೇ ಎಂದು ನಾಚಿಕೆಯಾಯಿತು. “ಆಯ್ತು ಬಿಡು, ಈಗ ಅದನ್ನು ವಾಪಸು ತರುವ ಕೆಲಸ ನೋಡು,” ಎಂದು ಜಯಶೀಲ ಮೊಬೈಲು ತೆಗೆದು ಟೇಬಲ್ಲಿನ ಮೇಲಿಟ್ಟ.

ಇಬ್ಬರೂ ಒಂದೇ ಬದಿಯ ಬೆಂಚಿಗೆ ಬಂದರು. ಸೂರ್ಯನಾರಾಯಣ ತನ್ನ ಮೊಬೈಲಿನಲ್ಲಿ ಮರಳಿಸುವ ಗುಂಡಿ ಒತ್ತಿದ, ಜಯಶೀಲನದರಲ್ಲಿ ಮೈಲು ಬಂತು. ಅವನು ಅದನ್ನು ಪೂರ್ತಿ ಓದಿ, ದಪ್ಪ ಹೆಬ್ಬೆರಳಿನಿಂದ ಒಪ್ಪಿಗೆ ಒತ್ತಿದ. ಪುಟ ಒಂದು ಕ್ಷಣ ಬಿಳಿಯಾಗಿ ನಿಂತಿತು. ಆಮೇಲೆ ಒತ್ತಕ್ಷರ ಬಂತು, ಇದ್ದ ಹಾಗೆಯೇ, ಯಾರೂ ಏನೂ ಮಾಡಿಯೇ ಇರಲಿಲ್ಲ ಎನ್ನುವ ಹಾಗೆ. ಜಯಶೀಲ ಮುಂದಿನ ಪುಟಕ್ಕೆ ಹೋಗಿ ಅದನ್ನು ಎಲ್ಲರಿಗೂ ಸಿಗುವಂತೆ ಮಾಡಿದ. ಅದಕ್ಕೆ ಹೆಸರು ಟೈಪು ಮಾಡುವ ಅಗತ್ಯವೂ ಇರಲಿಲ್ಲ. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ತೆಗೆಯುವುದು ಅರ್ಧ ನಿಮಿಷದ ಕೆಲಸ. ಪರೀಕ್ಷೆಯ ಪದಗಳನ್ನು ತೆಗೆದು ನೋಡಿದರು. ಕುರ್ಲಾ, ಕರ್ಜತ್, ಅರ್ಧ ಪ್ಲೇಟು. “ಓ, ಪತ್ರೊಡೆ ಇದ್ರಲ್ಲಿ ಯಾಕೆ ಹಾಕಿದ್ದು? ಇದ್ರಲ್ಲಿ ಅರ್ಕಾವತ್ತೇ ಇಲ್ಲ,” ಎಂದು ಜಯಶೀಲ ಜೋರಾಗಿ ನಕ್ಕ. “ನಿಂಗೆ ಹಸಿವಾಗಿತ್ತು ಆವತ್ತು,” ಎಂದ ಇವನು. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು ಬಂತು. ಪಕ್ಕದ ಟೇಬಲ್ಲಿನ ಹೆಂಗಸು ತಿರುಗಿ ನೋಡಿದಳು. ಆ ಹೊತ್ತಿನಲ್ಲಿ ಸೂರ್ಯನಾರಾಯಣನಿಗೆ ಎಲ್ಲವೂ ಮರಳಿತು ಎಂದೇ ಅನ್ನಿಸಿತು.

ಜಯಶೀಲ ಪುಟವನ್ನು ಮೇಲಕ್ಕೆ ಸರಿಸಿದ. ಮಾಲೀಕರು ಎನ್ನುವ ಕಡೆ ಅವನದೊಂದೇ ಹೆಸರಿತ್ತು. ಅವನು ಅದನ್ನು ನೋಡಿ, ಇವನನ್ನು ನೋಡಿ, “ನಿನ್ನ ಹೆಸರು ಸೇರಿಸ್ಲಾ?” ಎಂದ.

“ಅಯ್ಯೋ, ಬೇಡ ಬಿಡೋ,” ಎಂದ ಸೂರ್ಯನಾರಾಯಣ.

ಬಾಯಿಗೆ ತಾನಾಗಿ ಬಂದ ಮಾತು. ಅವನು ಹುಟ್ಟಿ ಬೆಳೆದ ಕಡೆ ಮೊದಲನೆಯ ಬೇಡವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಹೋಳಿಗೆ ಹಾಕಲೇ ಎಂದರೆ ಬೇಡ ಅನ್ನಬೇಕು, ಹಾಕುವವರು ಏ ಹಾಕಿಸ್ಕೊಳ್ಳಿ ಎಂದು ಒತ್ತಾಯ ಮಾಡಬೇಕು, ಆಗ ಎಲೆಯ ಮೇಲಿನ ಕೈ ಸರಿಸಬೇಕು. ಜಯಶೀಲ ಬೆಳೆದದ್ದು ಹೋಟೆಲಿನಲ್ಲಿ. ಅಲ್ಲಿ ಗಿರಾಕಿ ಬೇಡ ಎಂದರೆ ಬೇಡ, ಮುಂದಿನ ಟೇಬಲ್ಲು ಕಾಯುತ್ತಿರುತ್ತದೆ.

“ಆಯ್ತು,” ಎಂದ ಜಯಶೀಲ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ತಿಳಿಯಾಗಿ. ಮೊಬೈಲನ್ನು ಜೇಬಿಗಿಳಿಸಿ, ನಿಕಿತಾಗೆ ಈಗಲೇ ಹೇಳಬೇಕೆಂದು ಗಲ್ಲಾದ ಕಡೆ ಹೊರಟ. ಎರಡು ಹೆಜ್ಜೆಗೆ ನಿಂತು ಅಡುಗೆಮನೆಯ ಕಿಟಕಿಯತ್ತ ತಿರುಗಿ, ಮೂಲೆ ಟೇಬಲ್ಲಿಗೆ ಎರಡು ಬನ್ಸು ಎಂದು ಕೂಗಿದ. ಸೂರ್ಯನಾರಾಯಣ ಅವನ ಬೆನ್ನನ್ನೇ ನೋಡುತ್ತ ಕೂತ. ಇನ್ನೊಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದ.